ಮದ್ದಳೆ ಎಲ್ಲಿ ಹೋತು? ಅಥವಾ ನಮ್ಮ ಕಾರಿನ ಬೇಸ್ ಪುರಾಣ

ಈ ಕಡೆ ತಲೆ ಹಾಕದೆ ಸುಮಾರು ದಿನ ಆಯ್ತು. ಬರೀಬೇಕು ಅಂದುಕೊಂಡಿದ್ದು ಬೇರೆ ಏನೋ, ಈಗ ಬರೀತಿರೋದೇ ಬೇರೆ. ಕಳೆದ ಮೂರು ವಾರದಿಂದ ತಲೇಲಿ ಇದೊಂದೇ ವಿಷಯ ಗುಂಯ್‌ಗುಡ್ತಾ ಇದೆ (ಗುಂಯ್‌ಗುಡದೇ ಇದ್ದದ್ದೇ ವಿಷಯ ಅನ್ನಿ). ಇಲ್ಲಿ ಇಳಿಸಿಬಿಟ್ರೆ ನನಗೂ ಸಮಾಧಾನ, ನಿಮ್ಮಲ್ಲಿ ಯಾರಿಗಾದ್ರೂ ಒಂದಿಪ್ಪತ್ತು ಸಾವಿರ ಉಳಿದ್ರೆ ಇನ್ನೂ ಸಮಾಧಾನ.

ವಿಷಯ ಇಷ್ಟೇ. ನಮ್ಮ ಕಾರಿನ ಸ್ಟೀರಿಯೋದಲ್ಲಿ ಬೇಸ್ ಹೋಗಿತ್ತು. ಬೇಸ್ ಅನ್ನಬೇಕೋ ಬಾಸ್ ಅನ್ನಬೇಕೋ ಅಂತ ನಮ್ಮ ಗೆಳೆಯರ ಗುಂಪಿನಲ್ಲಿ ಯಾವಾಗಲೂ ಜಗಳ. ನಾನು ಬೇಸ್ ಅಂತಲೇ ಬರೀತೀನಿ. ಯಾಕಂದ್ರೆ "ಬಾಸ್ ಹೋದ್ರು" ಅಂದ್ರೆ ನಮ್ಮ ಆಫೀಸಿನಲ್ಲಿ ಸ್ವೀಟ್ ಹಂಚೋ ಜನ ಇದ್ದಾರೆ.

ನಾನೇನೂ ರಸ್ತೆಯಲ್ಲಿ ಹೋಗುವಾಗ ಅಕ್ಕಪಕ್ಕದ ಮನೆಯ ಕಿಟಕಿ ನಡುಗಿಸೋ ಪೈಕಿ ಅಲ್ಲ. ಅಂಥವರನ್ನ ಕಂಡ್ರೆ ನನಗೂ ನಿಮ್ಮಷ್ಟೇ ಸಿಟ್ಟು. ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಚಿಕ್ಕದು. ಮುಂದಿನ ಎರಡು ಬಾಗಿಲಲ್ಲಿ ಆರೂವರೆ ಇಂಚಿನ ಎರಡು ಸ್ಪೀಕರು, ಹಿಂದೆ ಏನೂ ಇಲ್ಲ. ಆಂಪ್ಲಿಫಯರ್ ಇಲ್ಲ, ಡಿಕ್ಕಿಯಲ್ಲಿ ಡಬ್ಬಾ ಇಲ್ಲ. ಮೊದಲಿನ ಮಾಲೀಕರು ಹಾಕಿಸಿದ್ದ ಸ್ಪೀಕರುಗಳು, ಅವರೇ ಹಾಕಿಸಿದ್ದ ಸ್ಟೀರಿಯೋ. ಅಷ್ಟರಲ್ಲೇ ಹಾಡು ಚೆನ್ನಾಗಿ ಕೇಳ್ತಿತ್ತು. ಒಂದಿನ ಕೇಳೋದು ನಿಂತಿತು. ಯಾವತ್ತಿಂದ ಅಂತ ನನಗೆ ಗೊತ್ತೇ ಆಗಲಿಲ್ಲ, ಅದೇ ಇದರಲ್ಲಿ ಬೇಜಾರಿನ ಸಂಗತಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಾರ್ನ್ ನಡುವೆ ಸುದ್ದಿ ಕೇಳೋ ನನ್ನಂಥವನಿಗೆ ಬೇಸ್ ಇದ್ರೆಷ್ಟು ಬಿಟ್ರೆಷ್ಟು.

ಗೊತ್ತಾಗಿದ್ದು ಅಪ್ಪಯ್ಯನಿಗೆ.

ಅಪ್ಪಯ್ಯ ತೀರ್ಥಹಳ್ಳಿ ಕಡೆ ಮೇಷ್ಟ್ರಾಗಿದ್ದು ರಿಟೈರ್ ಆದವರು. ಮೇಷ್ಟ್ರಾಗಿದ್ದಷ್ಟೂ ಕಾಲ ಊರಿನ ಹವ್ಯಾಸಿ ತಂಡದಲ್ಲಿ ಮದ್ದಳೆ ಬಾರಿಸಿದವರು. ಆಟ ಇರಲಿ, ತಾಳಮದ್ದಳೆ ಇರಲಿ, ಶನಿವಾರ ರಾತ್ರಿ ಮನೇಲಿ ಇದ್ದದ್ದು ನನಗೆ ನೆನಪಿಲ್ಲ. ಕಾರಿನಲ್ಲಿ ಕೂತ್ರೆ ಅವರಿಗೆ ಬೇರೆ ಯಾವ ಹಾಡೂ ಬೇಡ, ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಪ್ರಸಂಗಗಳ ಪೆನ್‌ಡ್ರೈವ್ ಒಂದಿದೆ, ಅದೇ ಆಗಬೇಕು. ದೀಪಾವಳಿ ಮುಗಿಸಿ ಅವರನ್ನ, ಅಮ್ಮನ್ನ ಕರ್ಕೊಂಡು ಬೆಂಗಳೂರಿಗೆ ಬರ್ತಿದ್ದೆ. ಶಿವಮೊಗ್ಗ ದಾಟಿರಲಿಲ್ಲ, ಅಪ್ಪಯ್ಯ ಕೇಳಿದ್ರು.

"ಮದ್ದಳೆ ಎಲ್ಲಿ ಹೋತು ಮಾರಾಯ?"

ನಾನು ಸೌಂಡ್ ಜಾಸ್ತಿ ಮಾಡಿದೆ. ಚಂಡೆ ಬಂದು ಕಿವಿಗೆ ಕುಟ್ಟಿತು, ತಾಳ ಠಣ್ ಅಂತು, ಭಾಗವತರ ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ ತೆಳ್ಳಗೆ. ಮದ್ದಳೆಯ ಬಲದ ಕಡೆಯ ಚಾಟು ಅಲ್ಲಲ್ಲಿ ಕೇಳ್ತಿತ್ತು, ಎಡದ ಗುಂಕಾರ ಮಾತ್ರ ನಾಪತ್ತೆ. ಬೇಸ್ ಬೂಸ್ಟ್ ಒತ್ತಿದೆ. ಏನೂ ಆಗಲಿಲ್ಲ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ ಬಿಡು. ವಯಸ್ಸಾತಲ್ಲ. ಕಿವಿ ಮಂದ ಆಗಿರ್ಬೇಕು" ಅಂದ್ರು. ಆಮೇಲೆ ಬೆಂಗಳೂರು ಬರೋವರೆಗೂ ಪೆನ್‌ಡ್ರೈವ್ ಹಾಕು ಅನ್ನಲಿಲ್ಲ.

ಅಷ್ಟಕ್ಕೇ ಮುಗಿದಿದ್ರೆ ನಾನೂ ಮರೀತಿದ್ದೆ. ಎರಡು ದಿನ ಬಿಟ್ಟು ಅಮ್ಮ ಅಡುಗೆಮನೇಲಿ ಸಣ್ಣ ದನಿಯಲ್ಲಿ ಹೇಳಿದ್ಲು: ಆಗಸ್ಟಿನಲ್ಲಿ ನಾನು ಊರಿಗೆ ಹೋದಾಗ ಇದೇ ಕಾರಿನಲ್ಲಿ ಆಗುಂಬೆ ಕಡೆ ಸುತ್ತಾಡಿದ್ವಲ್ಲ, ಆಗಲೇ ಅಪ್ಪಯ್ಯನಿಗೆ ಮದ್ದಳೆ ಕೇಳಿರಲಿಲ್ಲವಂತೆ. ಕಿವಿ ಹೋಯ್ತು ಅಂತ ಮನಸ್ಸಿಗೆ ಹಚ್ಚಿಕೊಂಡು, ದೀಪಾವಳಿ ಸಮಯದ ತಾಳಮದ್ದಳೆಗೆ ಕರೆಯೋಕೆ ಬಂದವರನ್ನ ಕೈನೋವು ಅಂತ ಸುಳ್ಳು ಹೇಳಿ ಕಳಿಸಿದ್ರಂತೆ. "ಶ್ರುತಿ ಕೇಳದೆ ಬಾರಿಸಿದ್ರೆ ಮಾನ ಹೋಗ್ತದೆ" ಅಂತ. ಮದ್ದಳೆಯನ್ನ ಊರಿನ ಕಲಿಯೋ ಹುಡುಗನೊಬ್ಬನಿಗೆ ಕೊಟ್ಟುಬಿಡೋ ಮಾತೂ ಆಗಿದೆಯಂತೆ.

ಈಗ ನಿಮಗೆ ಅರ್ಥ ಆಗಿರಬೇಕು, ಮೂರು ವಾರದಿಂದ ನನಗೆ ಯಾಕೆ ನಿದ್ದೆ ಸರಿ ಇಲ್ಲ ಅಂತ.

ಮೊದಲ ಕೆಲಸ ಎಲ್ಲರೂ ಮಾಡೋದೇ. ಕಾರಿನ ಸಾಮಾನು ಮಾರೋ ಒಂದು ಅಂಗಡಿಗೆ ಹೋದೆ. ಹೆಸರು ಬೇಡ ಬಿಡಿ. ಹುಡುಗ ಎರಡು ನಿಮಿಷ ಹಾಡು ಕೇಳಿದ, "ಸಾರ್, ಡೋರ್ ಸ್ಪೀಕರಲ್ಲಿ ಬೇಸ್ ಬರಲ್ಲ, ಸಬ್‌ವೂಫರ್ ಹಾಕಬೇಕು" ಅಂದ. ಡಬ್ಬಾ, ಆಂಪ್ಲಿಫಯರ್, ವೈರು, ಕೂಲಿ ಎಲ್ಲಾ ಸೇರಿ ಇಪ್ಪತ್ತೆರಡು ಸಾವಿರ. ನಾನು "ಮೊದಲು ಬರ್ತಿತ್ತಲ್ಲಪ್ಪಾ" ಅಂದೆ. "ಹಳೇದಾಗಿದೆ ಸಾರ್" ಅಂದ. ಇನ್ನೊಂದು ಅಂಗಡೀಲೂ ಹೆಚ್ಚುಕಮ್ಮಿ ಇದೇ ಮಾತು, ರೇಟು ಮಾತ್ರ ಮೂರು ಸಾವಿರ ಕಮ್ಮಿ.

ಇಲ್ಲಿ ನನ್ನ ತಕರಾರು ಶುರು. ಇದ್ದದ್ದು ಹೋಗಿದ್ರೆ ಎಲ್ಲಿ ಹೋಯ್ತು ಅಂತ ಹುಡುಕಬೇಕು. ಹೊಸದು ತಂದು ಸೇರಿಸೋದಲ್ಲ. ಟ್ಯಾಂಕಿ ಸೋರ್ತಿದ್ರೆ ಇನ್ನೊಂದು ಬೋರ್‌ವೆಲ್ ಕೊರೆಸ್ತೀವಾ? (ಬೆಂಗಳೂರಿನಲ್ಲಿ ಕೊರೆಸಿದವರೂ ಇದ್ದಾರೆ, ಅದು ಬೇರೆ ವಿಷಯ.)

ಕಿವಿಯ ವಿಷಯ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಅಪ್ಪಯ್ಯನ ಕಿವಿ ಅಲ್ಲ, ಕಾರೇ ಕೆಟ್ಟಿದೆ ಅನ್ನೋ ಅನುಮಾನ ನನಗೆ ಬಂದಿದ್ದು ಅಲ್ಲಿಂದಲೇ. ವಯಸ್ಸಾಗಿ ಕಿವಿ ಮಂದ ಆಗೋದು ಸಾಮಾನ್ಯವಾಗಿ ಮೇಲಿನ ತುದಿಯಿಂದ. ಅಂದ್ರೆ ಕೀಚಲು ದನಿ, ತಾಳದ ಝೇಂಕಾರ, ಮಾತಿನಲ್ಲಿ ಸ, ಶ, ತ, ಕ ಅನ್ನೋ ಅಕ್ಷರಗಳ ಚೂಪು ಮೊದಲು ಹೋಗುತ್ತೆ. ಅದಕ್ಕೇ ಅಜ್ಜಂದಿರು "ಮಾತಾಡೋದು ಕೇಳ್ತದೆ, ಏನು ಅಂತ ತಿಳಿಯಲ್ಲ" ಅನ್ನೋದು. ಕೆಳಗಿನ ಗುಂಕಾರ ಕೊನೇವರೆಗೂ ಉಳಿಯೋದೇ ಹೆಚ್ಚು. ಚಂಡೆ, ತಾಳ ನೆಟ್ಟಗೆ ಕೇಳಿ ಮದ್ದಳೆಯ ಎಡ ಮಾತ್ರ ಕೇಳಲ್ಲ ಅಂದ್ರೆ ಅದು ಮುಪ್ಪಿನ ಲಕ್ಷಣ ಅಲ್ಲ, ಸ್ಪೀಕರಿನ ಲಕ್ಷಣ. ಅಲ್ಲದೆ ನನಗೂ ಕೇಳಿರಲಿಲ್ಲ! ನನಗಿನ್ನೂ ನಲವತ್ತೊಂದು.

ಭಾನುವಾರ ಬೆಳಿಗ್ಗೆ ನಾನೂ ಅಪ್ಪಯ್ಯನೂ ಪಾರ್ಕಿಂಗ್‌ಗೆ ಇಳಿದ್ವಿ. ಮೊದಲು ಸ್ಟೀರಿಯೋದ ಸೆಟ್ಟಿಂಗು. ಇದನ್ನ ಯಾರೂ ಸರಿಯಾಗಿ ನೋಡಲ್ಲ. ಈಗಿನ ಸ್ಟೀರಿಯೋಗಳಲ್ಲಿ ಎಚ್.ಪಿ.ಎಫ್. ಅಂತ ಒಂದು ಇರುತ್ತೆ, ಹೈ ಪಾಸ್ ಫಿಲ್ಟರ್. ಸಬ್‌ವೂಫರ್ ಇರೋ ಕಾರಿನಲ್ಲಿ ಬಾಗಿಲ ಸ್ಪೀಕರಿಗೆ ಭಾರ ಬೀಳದಿರಲಿ ಅಂತ ಅದನ್ನ 80 ಅಥವಾ 100 ಹರ್ಟ್ಸ್‌ಗೆ ಇಟ್ಟಿರ್ತಾರೆ, ಅದರ ಕೆಳಗಿನ ದನಿ ಸ್ಪೀಕರಿಗೆ ಇಳಿಯುತ್ತಾ ಹೋದಂತೆ ಕಮ್ಮಿಯಾಗುತ್ತೆ. ಸಬ್‌ವೂಫರ್ ಇಲ್ಲದ ಕಾರಿನಲ್ಲಿ ಅದು ಆನ್ ಆಗಿದ್ರೆ ಬೇಸ್ ಕೈಯಾರೆ ಕತ್ತರಿಸಿ ಹಾಕಿದ ಹಾಗೆ. ಬ್ಯಾಟರಿ ತೆಗೆದು ಹಾಕಿದಾಗ ಸೆಟ್ಟಿಂಗು ಅಳಿಸಿಹೋಗೋದೂ ಉಂಟು. ನನ್ನದರಲ್ಲಿ ಅದು ಆಫ್ ಇತ್ತು. ಇಕ್ವಲೈಜರ್ ಸಪಾಟಾಗಿತ್ತು. ಲೌಡ್‌ನೆಸ್ ಅನ್ನೋ ಬಟನ್ ಬಗ್ಗೆ ಒಂದು ಮಾತು. ಸೌಂಡ್ ಕಮ್ಮಿ ಇಟ್ಟಾಗ ನಮ್ಮ ಕಿವಿಗೆ ಬೇಸ್ ಇನ್ನಷ್ಟು ಕಮ್ಮಿ ಕೇಳುತ್ತೆ. ಇದನ್ನ ಫ್ಲೆಚರ್ ಮತ್ತು ಮುನ್ಸನ್ ಅನ್ನೋ ಇಬ್ಬರು 1933ರಲ್ಲೇ ಅಳೆದು ತೋರಿಸಿದ್ರು. ಆ ಬಟನ್ ಇರೋದು ಆ ಕೊರತೆ ತುಂಬೋಕೆ. ಆದ್ರೆ ನಮ್ಮ ಕಾಯಿಲೆ ಅದಲ್ಲ, ಜೋರಾಗಿಟ್ರೂ ಬೇಸ್ ಇರಲಿಲ್ಲ.

ಆಮೇಲೆ ಹಾಡು ಬದಲಾಯಿಸಿದ್ವಿ. ಇದೂ ಮುಖ್ಯ. ಅರವತ್ತರ ದಶಕದ ಹಾಡು ಹಾಕಿ ಬೇಸ್ ಇಲ್ಲ ಅಂತ ಸ್ಪೀಕರ್ ಬೈದ್ರೆ ಅದು ಸ್ಪೀಕರಿನ ತಪ್ಪಲ್ಲ, ಆ ಕಾಲದ ರೆಕಾರ್ಡಿಂಗಿನಲ್ಲೇ ತೀರಾ ಕೆಳಗಿನ ದನಿ ಕಮ್ಮಿ. ಎಂಪಿ3 ಮಾಡಿದ್ದಕ್ಕೇ ಬೇಸ್ ಹೋಯ್ತು ಅನ್ನೋರಿದ್ದಾರೆ, ಅದೂ ಸರಿಯಲ್ಲ. ಎಂಪಿ3 ಹಿಂಡಿದಾಗ ಮೊದಲು ಕೆಡೋದು ಮೇಲಿನ ದನಿ. ನಾವು ಹೊಸ ಸಿನಿಮಾ ಹಾಡು ಹಾಕಿದ್ವಿ, ಎಫ್ಎಂ ಹಾಕಿದ್ವಿ, ಮೊಬೈಲಿಂದ ಬ್ಲೂಟೂತ್ ಹಾಕಿದ್ವಿ. ಎಲ್ಲದರಲ್ಲೂ ಅದೇ ತಗಡು ದನಿ. ಅಲ್ಲಿಗೆ ಪೆನ್‌ಡ್ರೈವ್ ನಿರಪರಾಧಿ.

ಇನ್ನು ಬಂತು ನೋಡಿ ತಮಾಷೆ. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿದೆ, ಅಂದ್ರೆ ಎಡಗಡೆ ಸ್ಪೀಕರ್ ಮಾತ್ರ. ಗುಂ ಅಂತ ಮದ್ದಳೆ ಬಂತು! ಅಪ್ಪಯ್ಯ ಸೀಟಿನಲ್ಲಿ ನೆಟ್ಟಗೆ ಕೂತ್ರು. ಪೂರ್ತಿ ಬಲಕ್ಕೆ ತಿರುಗಿಸಿದೆ. ಸ್ವಲ್ಪ ತೆಳುವಾಗಿತ್ತು, ಆದ್ರೂ ಇತ್ತು. ಮಧ್ಯಕ್ಕೆ ತಂದೆ. ಮಾಯ! ಒಂದೊಂದೇ ಸ್ಪೀಕರಿನಲ್ಲಿ ಇರೋ ಬೇಸ್ ಎರಡೂ ಸೇರಿದಾಗ ಇಲ್ಲ. ಒಂದಕ್ಕೊಂದು ಸೇರಿಸಿದ್ರೆ ಸೊನ್ನೆ.

ಇದು ಗೊತ್ತಿರೋರಿಗೆ ಇಷ್ಟು ಸಾಕು, ನಗ್ತಾರೆ. ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳ್ತೀನಿ. ಸ್ಪೀಕರಿಗೆ ಎರಡು ವೈರು, ಪ್ಲಸ್ಸು ಮೈನಸ್ಸು. ತಿರುಗಾ ಮುರುಗಾ ಹಾಕಿದ್ರೂ ಸ್ಪೀಕರ್ ಹಾಡುತ್ತೆ, ಏನೂ ಸುಡಲ್ಲ, ಅದೊಂದನ್ನೇ ಕೇಳಿದ್ರೆ ವ್ಯತ್ಯಾಸವೂ ಗೊತ್ತಾಗಲ್ಲ. ಆದ್ರೆ ಎಡದ ಸ್ಪೀಕರಿನ ಕಾಗದ ಹೊರಗೆ ತಳ್ಳುವಾಗ ಬಲದ್ದು ಒಳಗೆ ಎಳೀತಾ ಇರುತ್ತೆ. ಒಬ್ಬ ಗಾಳಿ ತಳ್ತಾನೆ, ಇನ್ನೊಬ್ಬ ಎಳ್ಕೊಳ್ತಾನೆ. ಮಧ್ಯೆ ಕೂತ ನಮಗೆ ಏನೂ ಇಲ್ಲ.

ಹಾಗಾದ್ರೆ ಚಂಡೆ ಹೇಗೆ ಕೇಳ್ತು? ಲೆಕ್ಕ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. 60 ಹರ್ಟ್ಸ್ ದನಿಯ ಒಂದು ಅಲೆ 5.7 ಮೀಟರ್ ಉದ್ದ, ನನ್ನ ಕಾರಿಗಿಂತಲೂ ಉದ್ದ. ಎರಡು ಬಾಗಿಲ ನಡುವೆ ಇರೋದು ಒಂದೂಕಾಲು ಮೀಟರ್ ಚಿಲ್ಲರೆ. ಅಷ್ಟು ಉದ್ದದ ಅಲೆಗೆ ಆ ಎರಡು ಸ್ಪೀಕರೂ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿವೆ, ಹಾಗಾಗಿ ಎದುರುಬದುರಾದ್ರೆ ಪೂರ್ತಿ ಅಳಿಸಿಹಾಕ್ತವೆ. ಅದೇ 2000 ಹರ್ಟ್ಸ್ ಅಲೆ ಬರೀ 17 ಸೆಂಟಿಮೀಟರ್. ಅದು ಒಂದು ಕಿವಿಯ ಹತ್ರ ಅಳಿಸಿದ್ರೆ ಇನ್ನೊಂದು ಕಿವಿಯ ಹತ್ರ ಸೇರುತ್ತೆ, ಗಾಜಿಗೆ ಬಡಿದು ಬರುತ್ತೆ, ಒಟ್ಟಾರೆ ಉಳ್ಕೊಳ್ಳುತ್ತೆ. ಅಪ್ಪಯ್ಯನ ಕ್ಯಾಸೆಟ್ ರೆಕಾರ್ಡಿಂಗೋ, ಎರಡೂ ಕಡೆ ಒಂದೇ ದನಿ ಇರೋ ಮೋನೋ. ಅಳಿಸೋಕೆ ಇದಕ್ಕಿಂತ ಒಳ್ಳೇ ಸಾಮಾನು ಸಿಗಲ್ಲ. ಭಾಗವತರು ಬಾವಿಯಿಂದ ಹಾಡಿದ ಹಾಗೆ ಕೇಳಿದ್ದೂ ಅದಕ್ಕೇ. ಬೇಸ್ ಬೂಸ್ಟ್ ಒತ್ತಿದ್ರೂ ಏನೂ ಆಗದಿದ್ದುದು ಈಗ ನಿಮಗೇ ಗೊತ್ತಾಗಿರಬೇಕು. ತಳ್ಳೋನಿಗೆ ಎಷ್ಟು ಶಕ್ತಿ ಕೊಟ್ರೆ ಎಳೆಯೋನಿಗೂ ಅಷ್ಟೇ ಕೊಟ್ಟ ಹಾಗಾಯ್ತು.

ಸರಿ, ತಿರುಗಿರೋದು ಯಾವುದು, ಎಡದ್ದೋ ಬಲದ್ದೋ? ಬಲದ್ದೇ ಅಂತ ನನಗೆ ಹೊಳೆದಾಗ ಸ್ವಲ್ಪ ನಾಚಿಕೆಯೂ ಆಯ್ತು. ಜುಲೈನಲ್ಲಿ ಡ್ರೈವರ್ ಕಡೆಯ ಕಿಟಕಿ ಗಾಜು ಇಳಿದದ್ದು ಮೇಲೆ ಬರ್ತಿರಲಿಲ್ಲ. ಮೆಕ್ಯಾನಿಕ್ ಬಾಗಿಲ ಪ್ಯಾನೆಲ್ ಬಿಚ್ಚಿ ರಿಪೇರಿ ಮಾಡಿದ್ದ. ಅದನ್ನ ಬಿಚ್ಚುವಾಗ ಸ್ಪೀಕರ್ ವೈರೂ ಬಂದಿರುತ್ತೆ. ಮೊದಲಿನ ಮಾಲೀಕರ ಕಾಲದಲ್ಲಿ ಯಾರೋ ಕಂಪನಿ ಕನೆಕ್ಟರ್ ಕತ್ತರಿಸಿ ವೈರು ಹೊಸೆದು ಟೇಪ್ ಸುತ್ತಿದ್ರು. ಕನೆಕ್ಟರ್ ಇದ್ದಿದ್ರೆ ತಿರುಗಾ ಹಾಕೋಕೇ ಬರ್ತಿರಲಿಲ್ಲ. ಸ್ಟೀರಿಯೋ ಹಿಂದೆ ಬಣ್ಣದ ಲೆಕ್ಕ ಇದೆ, ಎಡ ಮುಂದಿನದಕ್ಕೆ ಬಿಳಿ, ಬಲ ಮುಂದಿನದಕ್ಕೆ ಬೂದಿ ಬಣ್ಣ, ಕಪ್ಪು ಗೀಟು ಇರೋದು ಮೈನಸ್ಸು. ಆದ್ರೆ ಬಾಗಿಲ ಒಳಗೆ ಬರೋದು ಕಾರಿನ ಸ್ವಂತ ವೈರು, ಅದರ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೆಕ್ಯಾನಿಕ್ ಕಣ್ಣಂದಾಜಿಗೆ ಸೇರಿಸಿದ್ದಾನೆ. ಹಾಡು ಬಂತಾ, ಬಂತು.

ಪ್ಯಾನೆಲ್ ಬಿಚ್ಚಿದ್ವಿ. ಖಾತ್ರಿ ಮಾಡ್ಕೊಳ್ಳೋ ಉಪಾಯ ಹಳೇದು, ಆದ್ರೆ ಸೊಗಸಾದದ್ದು. ಒಂದೂವರೆ ವೋಲ್ಟಿನ ಸಣ್ಣ ಸೆಲ್ ಬೇಕು. ಮನೇಲಿ ಇರಲಿಲ್ಲ, ಅಪ್ಪಯ್ಯ ಮೇಲೆ ಹೋಗಿ ಗೋಡೆ ಗಡಿಯಾರದ ಸೆಲ್ ಕಿತ್ತು ತಂದ್ರು. ಸ್ಪೀಕರ್ ವೈರನ್ನ ಸ್ಟೀರಿಯೋದಿಂದ ಪೂರ್ತಿ ಬಿಡಿಸಿ (ಇದು ಮರೀಬೇಡಿ, ಆ ವೈರು ಕಾರಿನ ಬಾಡಿಗೆ ತಾಗಿದ್ರೆ ಸ್ಟೀರಿಯೋದ ಐಸಿ ಸುಡಬಹುದು), ಸೆಲ್ಲಿನ ಪ್ಲಸ್ಸನ್ನ ಸ್ಪೀಕರಿನ ಪ್ಲಸ್ಸಿಗೆ, ಮೈನಸ್ಸನ್ನ ಮೈನಸ್ಸಿಗೆ ಒಂದು ಕ್ಷಣ ಮುಟ್ಟಿಸಬೇಕು. ಸ್ಪೀಕರಿನ ಕಾಗದ ಹೊರಗೆ ಉಬ್ಬುತ್ತೆ. ಒಳಗೆ ಹೋದ್ರೆ ತಿರುಗಾ ಅಂತ. ಹಾಗೆ ಸ್ಟೀರಿಯೋ ಕಡೆಯ ವೈರಿನ ತುದಿಯಿಂದ ಸೆಲ್ ಮುಟ್ಟಿಸಿದ್ರೆ ಮಧ್ಯದ ಜೋಡಣೆಯೂ ಸೇರಿ ಪರೀಕ್ಷೆ ಆಗುತ್ತೆ. ಅಪ್ಪಯ್ಯ ಟಾರ್ಚ್ ಹಿಡಿದು ಸ್ಪೀಕರ್ ನೋಡ್ತಿದ್ರು, ನಾನು ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ಸೆಲ್ ಮುಟ್ಟಿಸಿದೆ. "ಒಳಗೆ ಹೋತು" ಅಂದ್ರು. ಎಡದ್ದು ಮುಟ್ಟಿಸಿದೆ. "ಹೊರಗೆ ಬಂತು". ಸರಿ.

ಜೊತೆಗೆ ಮಲ್ಟಿಮೀಟರ್ ಇಟ್ಟು ಸ್ಪೀಕರ್ ಕಾಯಿಲನ್ನೂ ನೋಡಿದೆ. ನಾಲ್ಕು ಓಮ್ ಸ್ಪೀಕರ್ ಮೀಟರಿನಲ್ಲಿ ಮೂರೂಕಾಲು, ಮೂರೂವರೆ ತೋರಿಸೋದು ಸಹಜ. ಏನೂ ತೋರಿಸದಿದ್ರೆ ಕಾಯಿಲ್ ಸುಟ್ಟಿದೆ ಅಂತ. ನಮ್ಮದು ಎರಡೂ ಸರಿ ಇತ್ತು. "ಹಳೇದಾಗಿದೆ ಸಾರ್" ಅಂದಿದ್ನಲ್ಲ ಹುಡುಗ, ಹಳೇದಾಗಿರಲಿಲ್ಲ.

ವೈರ್ ತಿರುಗಿಸಿ ಹಾಕಿದ್ವಿ. ಎಫ್ಎಂನಲ್ಲಿ ವಾರ್ತೆ ಓದ್ತಿದ್ರು. ಮುಂಚೆ ವಾರ್ತೆಯವರ ದನಿ ಕಾರಿನ ಎಲ್ಲಾ ಕಡೆಯಿಂದ ಬಂದ ಹಾಗೆ, ತಲೆಯೊಳಗೇ ಮಾತಾಡಿದ ಹಾಗೆ ಇರ್ತಿತ್ತು. ಈಗ ಡ್ಯಾಶ್‌ಬೋರ್ಡ್ ಮಧ್ಯದಿಂದ ಬಂತು. ಬೇಸೂ ಬಂತು. ಆದ್ರೆ ಬಲಗಡೆ ಇನ್ನೂ ತೆಳು.

ಇಲ್ಲಿ ಅಪ್ಪಯ್ಯ ನನಗಿಂತ ಮುಂದೆ ಹೋದ್ರು. ಎರಡೂ ಬಾಗಿಲು ಬಿಚ್ಚಿಟ್ಟಿದ್ವಲ್ಲ, ಅದನ್ನ ನೋಡಿ "ಈ ಬಾಗಿಲಿಗೆ ಪ್ಲಾಸ್ಟಿಕ್ ಉಂಟು, ಆ ಬಾಗಿಲಿಗಿಲ್ಲ" ಅಂದ್ರು. ಹೌದು. ಬಾಗಿಲ ಒಳಗಿನ ತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿರ್ತವೆ, ಕಂಪನಿಯವರು ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ. ಕಿಟಕಿ ರಿಪೇರಿಯವ ಅದನ್ನ ಹರಿದು ಎಸೆದಿದ್ದಾನೆ. ಅದಿಲ್ಲದಿದ್ರೆ ಸ್ಪೀಕರಿನ ಮುಂದೆ ಹುಟ್ಟಿದ ಬೇಸ್ ಅದೇ ಸ್ಪೀಕರಿನ ಬೆನ್ನಿಂದ ಬಂದ ಬೇಸಿಗೆ ಆ ತೂತುಗಳ ಮೂಲಕ ಸಿಕ್ಕಿ ಕಾಟು ಹೊಡ್ಕೊಳ್ಳುತ್ತೆ. ಮೇಲೆ ಹೇಳಿದ ತಳ್ಳೋ ಎಳೆಯೋ ಕತೆಯೇ, ಈಗ ಒಂದೇ ಸ್ಪೀಕರಿನಲ್ಲಿ. ಮದ್ದಳೆಗೆ ಹೊಟ್ಟೆ ಇರೋದು ಯಾಕೆ ಅಂತ ಅಪ್ಪಯ್ಯನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಆ ಹಾಳೆಗೆ ಇನ್ನೊಂದು ಕೆಲಸ ಇದೆ, ನಿಜವಾಗಿ ಅದೇ ಮೊದಲನೇ ಕೆಲಸ. ಮಳೆ ನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುತ್ತೆ, ಕೆಳಗಿನ ತೂತಿನಿಂದ ಹೊರಗೆ ಹೋಗುತ್ತೆ. ಹಾಳೆ ಇಲ್ಲದಿದ್ರೆ ಕಾರಿನೊಳಗೆ ಬರುತ್ತೆ. ಮಳೆಗಾಲದಿಂದ ಕಾರಿನಲ್ಲಿ ಒದ್ದೆ ಗೋಣಿಯ ವಾಸನೆ ಬರ್ತಿತ್ತು, ನಾನು ಕರ್ಪೂರ ಇಟ್ಟು ಸುಮ್ಮನಾಗಿದ್ದೆ! ಮ್ಯಾಟ್ ಎತ್ತಿ ನೋಡಿದ್ರೆ ಕೆಳಗಿನ ಕಾರ್ಪೆಟ್ ನೆಂದು ಕಪ್ಪಾಗಿದೆ. ಅಡಿಕೆ ಕೊನೆಗೆ ಕಟ್ಟೋ ಥರದ ಗಟ್ಟಿ ಪ್ಲಾಸ್ಟಿಕ್ ತಂದು, ಅಳತೆಗೆ ಕತ್ತರಿಸಿ, ಅಂಚಿಗೆ ರಬ್ಬರಿನಂಥ ಬ್ಯುಟೈಲ್ ಟೇಪ್ ಹಾಕಿ ಅಂಟಿಸಿದ್ವಿ. ಖರ್ಚು ಇನ್ನೂರ ನಲವತ್ತು ರೂಪಾಯಿ, ಅದರಲ್ಲಿ ಅರ್ಧ ಟೇಪೂ ಉಳಿದಿದೆ.

ಈಗ ನನ್ನ ಅಸಲಿ ಮಾತಿಗೆ ಬರ್ತೀನಿ. ಅಂಗಡಿಯ ಹುಡುಗ ಹೇಳಿದ ಹಾಗೆ ಸಬ್‌ವೂಫರ್ ಹಾಕಿಸಿದ್ರೆ ಏನಾಗ್ತಿತ್ತು? ಬೇಸ್ ಬರ್ತಿತ್ತು. ಅವನು ಹೇಳಿದ್ದು ಸುಳ್ಳಲ್ಲ. ಡಿಕ್ಕಿಯ ಡಬ್ಬಾ ಗುಂ ಗುಂ ಅಂದಿರೋದು, ನಾನು ಖುಷಿಯಾಗಿ ದುಡ್ಡು ಕೊಟ್ಟಿರೋನು. ಬಾಗಿಲ ವೈರು ತಿರುಗಿದ್ದು ಹಾಗೇ ಇರ್ತಿತ್ತು, ಭಾಗವತರು ಬಾವಿಯಲ್ಲೇ ಇರ್ತಿದ್ರು, ಮುಂದಿನ ಮಳೆಗಾಲಕ್ಕೆ ಕಾರಿನ ತಳ ತುಕ್ಕು ಹಿಡೀತಿತ್ತು. ಇಂಥ ರಿಪೇರಿಗಳೇ ನನಗೆ ಹೆದರಿಕೆ ಹುಟ್ಟಿಸೋದು. ಕಾಯಿಲೆ ವಾಸಿಯಾಗಲ್ಲ, ಕಾಣಿಸೋದು ನಿಲ್ಲುತ್ತೆ.

ನಮ್ಮ ಆಫೀಸಿನ ಗೆಳೆಯನದು ಇದಕ್ಕಿಂತ ಕೆಟ್ಟ ಕತೆ. ಅವನ ಕಾರಿನಲ್ಲಿ ಸಬ್‌ವೂಫರೂ ಇದೆ, ಆಂಪ್ಲಿಫಯರೂ ಇದೆ. ರೇಡಿಯೋ ಹಾಕಿದ್ರೆ ಬೇಸ್ ಬರುತ್ತೆ, ಪೆನ್‌ಡ್ರೈವ್ ಹಾಕಿದ್ರೆ ಬರಲ್ಲ! ಅಂಗಡಿಯವರು ಮೊದಲು ಆಂಪ್ಲಿಫಯರ್ ಬದಲಾಯಿಸಿದ್ರು (ದುಡ್ಡು ಅವನದೇ). ಆಮೇಲೆ ಸ್ಟೀರಿಯೋ ಬದಲಾಯಿಸಿ ಅಂದ್ರು. ನಾನು ಬೇಸ್ ಪಂಡಿತ ಅಂತ ಸುದ್ದಿಯಾಗಿತ್ತಲ್ಲ, ಮಧ್ಯಾಹ್ನ ಊಟದ ಹೊತ್ತಿಗೆ ಕರೆದ. ಸ್ಟೀರಿಯೋ ಹಿಂದೆ ಎರಡು ನೀಲಿ ವೈರು ಇರ್ತವೆ. ಬರೀ ನೀಲಿಯದು ಮೇಲೇಳೋ ಆಂಟೆನಾಗೆ, ಎಷ್ಟೋ ಸ್ಟೀರಿಯೋಗಳಲ್ಲಿ ರೇಡಿಯೋ ಹಾಕಿದಾಗ ಮಾತ್ರ ಅದರಲ್ಲಿ 12 ವೋಲ್ಟ್ ಬರುತ್ತೆ. ಬಿಳಿ ಗೀಟಿನ ನೀಲಿಯದು ಆಂಪ್ಲಿಫಯರನ್ನ ಎಬ್ಬಿಸೋಕೆ, ಸ್ಟೀರಿಯೋ ಆನ್ ಇರೋವರೆಗೂ ಬರುತ್ತೆ. ಇವನದಕ್ಕೆ ಮೊದಲನೇದಕ್ಕೆ ಸಿಕ್ಕಿಸಿದ್ರು. ವೈರ್ ಬದಲಾಯಿಸಿದೆ, ಮುಗೀತು. ಕೂಲಿ ಒಂದು ಕಾಫಿ.

ಆದ್ರೆ ಬಾನೆಟ್ ಎತ್ತಿದಾಗ ಕಂಡದ್ದು ನನಗೆ ಕಾಫಿ ಇಳಿಯದ ಹಾಗೆ ಮಾಡ್ತು. ಬ್ಯಾಟರಿಯಿಂದ ಡಿಕ್ಕಿವರೆಗೆ ದಪ್ಪ ಪವರ್ ವೈರ್ ಎಳೆದಿದ್ದಾರೆ, ಬ್ಯಾಟರಿ ಹತ್ರ ಫ್ಯೂಸೇ ಇಲ್ಲ. ತಗಡಿನ ತೂತಿನಿಂದ ವೈರ್ ದಾಟಿಸಿದಲ್ಲಿ ರಬ್ಬರ್ ವಾಷರ್ ಕೂಡ ಇಲ್ಲ. "ಆಂಪ್ಲಿಫಯರಲ್ಲೇ ಫ್ಯೂಸ್ ಇದೆಯಲ್ಲ" ಅಂದ ಗೆಳೆಯ. ಅದು ಆಂಪ್ಲಿಫಯರ್ ಕಾಯೋಕೆ. ವೈರು ಮಧ್ಯದಲ್ಲಿ ತಗಡಿಗೆ ಉಜ್ಜಿ ಉಜ್ಜಿ ಸವೆದು ತಾಗಿದ್ರೆ ನೂರಾರು ಆಂಪಿಯರ್ ಕರೆಂಟು ಆ ಜಾಗದಲ್ಲೇ ಹರಿಯುತ್ತೆ, ಹಿಂದಿರೋ ಫ್ಯೂಸಿಗೆ ಸುದ್ದಿಯೇ ಹೋಗಲ್ಲ. ವೈರ್ ಕೆಂಪಾಗಿ ಕಾರ್ಪೆಟ್ ಹೊತ್ತಿಕೊಳ್ಳುತ್ತೆ. ಫ್ಯೂಸು ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೇ ಇರಬೇಕು. ಅವನ ಹಿಂದಿನ ಸೀಟಿನಲ್ಲಿ ಮಗುವಿನ ಸೀಟು ಕಟ್ಟಿತ್ತು. ಅಲ್ಲೇ ಆ ವೈರನ್ನ ಬ್ಯಾಟರಿಯಿಂದ ಕಳಚಿಸಿ ಕಳಿಸಿದೆ, ಫ್ಯೂಸ್ ಹಾಕಿಸೋವರೆಗೆ ಬೇಸ್ ಇಲ್ಲದಿದ್ರೂ ಪರವಾಗಿಲ್ಲ ಅಂತ. ನಿಮ್ಮ ಕಾರಿನಲ್ಲೂ ಆಂಪ್ಲಿಫಯರ್ ಇದ್ರೆ ದಯವಿಟ್ಟು ಇವತ್ತೇ ಬಾನೆಟ್ ಎತ್ತಿ ನೋಡಿ.

ಅಂಗಡಿಯವರನ್ನ ಬೈದು ಮುಗಿಸೋದು ಸುಲಭ. ಆದ್ರೆ ನಾನು ಇಪ್ಪತ್ತೆರಡು ಸಾವಿರದ ಆ ಹುಡುಗನ ಹತ್ರ ಮತ್ತೆ ಹೋದೆ (ಬ್ಯುಟೈಲ್ ಟೇಪ್ ಅವನ ಅಂಗಡೀಲೇ ಸಿಕ್ಕಿದ್ದು). ವೈರ್ ತಿರುಗಿತ್ತು ಕಣಪ್ಪಾ ಅಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಆಗಿರುತ್ತೆ ಸಾರ್. ಡೋರ್ ಬಿಚ್ಚಿ ಒಂದು ಗಂಟೆ ಹುಡುಕಿ ವೈರ್ ತಿರುಗಿಸಿ ಐನೂರು ಕೇಳಿದ್ರೆ, ಒಂದು ವೈರ್ ತಿರುಗಿಸಿದ್ದಕ್ಕೆ ಐನೂರಾ ಅಂತೀರಿ. ಬಾಕ್ಸ್ ಕೊಟ್ರೆ ಮಾತಾಡದೆ ಕೊಡ್ತೀರಿ" ಅಂದ.

ನನ್ನ ಬಾಯಿ ಕಟ್ಟಿಹೋಯ್ತು ಕಣ್ರೀ. ನಿಮ್ಮಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೆ ಸಾಫ್ಟ್‌ವೇರಿನವರು. ನಾವು ಮಾಡೋದೇನು? ಎರಡು ದಿನ ಹುಡುಕಿ ಒಂದು ಸಾಲು ಬದಲಾಯಿಸೋದು. ಎರಡು ದಿನದ ಸಂಬಳ ತಗೊಳ್ಳಲ್ವಾ? ಒಂದು ಸಾಲಿನ ಕೂಲಿ ಅಂತ ಯಾರಾದ್ರೂ ಕೊಟ್ರೆ ಸುಮ್ಮನಿರ್ತೀವಾ? ಹುಡುಕಿದ್ದಕ್ಕೆ ದುಡ್ಡು ಕೊಡೋ ಅಭ್ಯಾಸ ನಮಗಿಲ್ಲ, ಕೈಗೆ ಸಾಮಾನು ಬಂದ್ರೆ ಮಾತ್ರ ಕೊಡ್ತೀವಿ. ಆಮೇಲೆ ಎಲ್ಲರೂ ಸಾಮಾನೇ ಮಾರ್ತಾರೆ ಅಂತ ಗೋಳಾಡ್ತೀವಿ. ನಾನಂತೂ ಇನ್ಮೇಲೆ ಅಂಗಡಿಗೆ ಹೋದ್ರೆ ಮೊದಲೇ ಹೇಳೋದು ಅಂತ ತೀರ್ಮಾನ ಮಾಡಿದ್ದೀನಿ: ಏನು ಕೆಟ್ಟಿದೆ ಹುಡುಕಿಕೊಡು, ಗಂಟೆಗಿಷ್ಟು ಅಂತ ಹೇಳು, ಏನೂ ಬದಲಾಯಿಸದಿದ್ರೂ ಕೊಡ್ತೀನಿ. ಅದೇ ಹೊತ್ತಿಗೆ, ಫ್ಯೂಸ್ ಇಲ್ಲದೆ ವೈರ್ ಎಳೆಯೋದಕ್ಕೆ ಈ ನೆಪ ನಡೆಯಲ್ಲ. ಫ್ಯೂಸಿಗೂ ಬಿಲ್ ಹಾಕಬಹುದಿತ್ತು, ಹಾಕಲಿಲ್ಲ. ಅದು ಬೇಜವಾಬ್ದಾರಿ, ಅಷ್ಟೇ.

ಡಬ್ಬಾ ಕೊಳ್ಳೋರಿಗೆ ಇನ್ನೊಂದು ಮಾತು, ಮರೆತುಹೋಗೋ ಮುಂಚೆ. ಸ್ಟೀರಿಯೋ ಮೇಲೆ 50 ವಾಟ್ ಇಂಟು ನಾಲ್ಕು ಅಂತ ಬರೆದಿದ್ರೆ ನಂಬಬೇಡಿ. ಕಾರಿನ 14.4 ವೋಲ್ಟಿನಲ್ಲಿ ನಾಲ್ಕು ಓಮ್ ಸ್ಪೀಕರಿಗೆ ಕೆಡದ ದನಿ ಕೊಡೋಕೆ ಸಾಧ್ಯ ಇರೋದು ಲೆಕ್ಕದ ಪ್ರಕಾರವೇ ಹೆಚ್ಚೆಂದ್ರೆ 26 ವಾಟ್. ಬೇಸನ್ನ 10 ಡೆಸಿಬೆಲ್ ಏರಿಸಿದ್ರೆ ಹತ್ತು ಪಟ್ಟು ವಾಟ್ ಬೇಕು, ಎಲ್ಲಿಂದ ತರುತ್ತೆ ಪಾಪ. ಇನ್ನು ಸಬ್‌ವೂಫರ್ ಇದ್ದೂ ಬೇಸ್ ಪೇಲವ ಅನ್ನಿಸಿದ್ರೆ ಸ್ಟೀರಿಯೋದಲ್ಲೋ ಆಂಪ್ಲಿಫಯರಲ್ಲೋ ಫೇಸ್ ಅಂತ ಇರುತ್ತೆ, 0 ಮತ್ತು 180. ಎರಡನ್ನೂ ಹಾಕಿ, ನೀವು ಕೂರೋ ಸೀಟಿನಲ್ಲಿ ಯಾವುದು ತುಂಬಾ ಕೇಳುತ್ತೋ ಅದನ್ನ ಇಟ್ಕೊಳ್ಳಿ. ಬಿಟ್ಟಿ ಕೆಲಸ.

ಅಪ್ಪಯ್ಯನನ್ನ ಆದ್ರೂ ಬಿಡಲಿಲ್ಲ, ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಕೆಳಗಿನ ದನಿ ಎಲ್ಲಾ ಚೆನ್ನಾಗಿದೆ, 4000 ಹರ್ಟ್ಸ್ ದಾಟಿದ ಮೇಲೆ ಗೆರೆ ಕೆಳಗೆ ಇಳಿದಿದೆ, ವಯಸ್ಸಿಗೆ ತಕ್ಕ ಹಾಗೆ. ಅಂದ್ರೆ ಹೋಗಿರೋದಿದ್ರೆ ತಾಳ, ಚಂಡೆಯ ಚೂಪು ಸ್ವಲ್ಪ ಹೋಗಿದೆ. ಇದನ್ನ ಹೇಳಿದಾಗ ಅಪ್ಪಯ್ಯ, "ಚಂಡೆ ಸ್ವಲ್ಪ ಕಮ್ಮಿ ಆದ್ರೆ ನಷ್ಟ ಎಂತ ಇಲ್ಲ" ಅಂದ್ರು. ಮದ್ದಳೆಯವರು ಚಂಡೆಯವರ ಬಗ್ಗೆ ಹೀಗೆ ಮಾತಾಡೋದು ಹೊಸದೇನಲ್ಲ ಅಂತ ಅಮ್ಮ ಆಮೇಲೆ ಹೇಳಿದ್ಲು. ಮದ್ದಳೆಯನ್ನ ಆ ಹುಡುಗನಿಗೆ ಕೊಡೋ ವಿಷಯ ಏನಾಯ್ತು ಅಂತ ನಾನು ಕೇಳಿಲ್ಲ. ಊರಿಗೆ ಹೊರಟ ದಿನ ಕಾರಿನಲ್ಲಿ ತುಮಕೂರು ದಾಟೋವರೆಗೂ ಡ್ಯಾಶ್‌ಬೋರ್ಡ್ ಮೇಲೆ ಬೆರಳಾಡಿಸ್ತಾ ಇದ್ರು.

ಒಂದೇ ತೊಂದರೆ ಉಳಿದಿದೆ. ಬಲ ಬಾಗಿಲ ಪ್ಯಾನೆಲ್ ತೆಗೆಯುವಾಗ ಪ್ಲಾಸ್ಟಿಕ್ ಕ್ಲಿಪ್ಪೊಂದು ಮುರೀತು. ಈಗ ಬೇಸ್ ಬಂದಿರೋದರಿಂದ ಮದ್ದಳೆಯ ಪ್ರತಿ ಎಡಕ್ಕೂ ಪ್ಯಾನೆಲ್ ಗಿರ್ ಅನ್ನುತ್ತೆ. ಸದ್ಯಕ್ಕೆ ರಟ್ಟಿನ ಚೂರು ತುರುಕಿದ್ದೀನಿ. ಬಿಡಿ ಕ್ಲಿಪ್ ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದವರು ಹೇಳಿ, ಜೆ.ಸಿ. ರೋಡಿನಲ್ಲಿ ಕೇಳಿದ್ರೆ ಐವತ್ತರ ಪ್ಯಾಕೆಟ್ಟೇ ತಗೋಬೇಕು ಅಂತಿದ್ದಾರೆ. ಗಡಿಯಾರಕ್ಕೆ ಸೆಲ್ ವಾಪಸ್ ಹಾಕೋದೂ ಬಾಕಿ ಇದೆ.